ಜಟ್ಟಿ ಇಂಜಿನ್ ರಿಪೇರಿ ಮಾಡಿದ್ದು

ಹೊಳೆ ಸಮುದ್ರ ಸೇರುವಲ್ಲಿ ಒಂದು ಅಂಬಿಗರ ಕೇರಿ. ಆ ಕೇರಿಯಲ್ಲಿ ಮಾದೇವಿ ಅಂತ ಒಬ್ಬಳು. ಅವಳಿಗೆ ಒಬ್ಬಳು ಮಗಳು ತುಳಸಿ, ಒಬ್ಬ ಮಗ ಜಟ್ಟಿ. ದೇವರು ಇಬ್ಬರಿಗೂ ಅಂತ ಕಳಿಸಿದ ಬುದ್ಧಿಯನ್ನು ಮೊದಲು ಹುಟ್ಟಿದ ಅಕ್ಕ ಪೂರ್ತಿ ತಗೊಂಡುಬಿಟ್ಟಿದ್ದಳು. ತಮ್ಮನಿಗೆ ಉಳಿದದ್ದು ವಿಧೇಯತೆ ಮಾತ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ! ಇಂಥ ಮಗ ಹುಟ್ಟಲಿ ಅಂತ ಹರಕೆ ಹೊರುವವರಿದ್ದಾರೆ. ಅವರು ಒಂದು ವಾರ ಜಟ್ಟಿಯನ್ನು ಮನೆಯಲ್ಲಿಟ್ಟುಕೊಂಡು ನೋಡಲಿ.

ಗಂಡ ಸತ್ತು ಹೋಗುವಾಗ ಮಾದೇವಿಗೆ ಒಂದು ದೋಣಿ ಬಿಟ್ಟು ಹೋಗಿದ್ದ. ಜಟ್ಟಿಗಿಂತ ವಯಸ್ಸಾದ ದೋಣಿ, ದೋಣಿಗಿಂತ ವಯಸ್ಸಾದ ಇಂಜಿನ್. ಮಳೆಗಾಲ ಪೂರ್ತಿ ಮಲಗಿದ್ದ ಇಂಜಿನ್ ಈಗ ಏಳಲೊಲ್ಲದು. ಇತ್ತ ತುಳಸಿಯ ಮದುವೆಗೆ ಎಂಟೇ ದಿನ. ಮದುವೆ ಆಚೆ ದಡದಲ್ಲಿ, ಗಂಡಿನ ಮನೆಯಲ್ಲಿ. ಆ ಕೇರಿಯ ಪದ್ಧತಿ ಏನೆಂದರೆ, ಮದುವೆ ಹೆಣ್ಣು ಅಪ್ಪನ ದೋಣಿಯಲ್ಲೇ ಹೊಳೆ ದಾಟಬೇಕು. ಬೇರೆಯವರ ದೋಣಿ ಹತ್ತಿ ಬಂದವಳಿಗೆ ‘ತವರಿಲ್ಲದವಳು’ ಅಂತ ಹೆಸರು ಬೀಳುತ್ತದೆ, ಸಾಯುವ ತನಕ ಅಳಿಸುವುದಿಲ್ಲ. ಇನ್ನೊಂದು, ಹೊರಟ ದಿಬ್ಬಣದ ದೋಣಿ ಮುಖ ತಿರುಗಿಸಬಾರದು. ತಿರುಗಿಸಿತೋ, ಮದುವೆ ನಿಂತ ಹಾಗೆ.

ಊರಿಗಿದ್ದ ಒಬ್ಬ ಮೆಕ್ಯಾನಿಕ್ಕು ಸಾಂತು ಮೇಸ್ತ್ರಿ ಕಾಲು ಮುರಿದುಕೊಂಡು ಮಂಚದ ಮೇಲಿದ್ದ. ತುಳಸಿಗೆ ಇಂಜಿನ್ನಿನ ಕೆಲಸ ಅಷ್ಟಿಷ್ಟು ಗೊತ್ತಿತ್ತು. ಆದರೆ ಮದುವೆ ಹೆಣ್ಣು ಕೈ ಮಸಿ ಮಾಡಿಕೊಳ್ಳುವುದೇ? ಉಂಟೇ?

“ಗಂಡು ಹುಡ್ಗ ನಾ ಇದ್ದೆ! ನಾ ಮಾಡ್ತೆ!” ಅಂದ ಜಟ್ಟಿ.

ಮಾದೇವಿ ಹಣೆ ಹಣೆ ಚಚ್ಚಿಕೊಂಡಳು. ಬೇರೆ ದಾರಿ ಇರಲಿಲ್ಲ.

ಜಟ್ಟಿ ಮೇಸ್ತ್ರಿಯನ್ನು ಕೇಳಿ ಬಂದ. “ಡೀಸೆಲ್ ಫಿಲ್ಟರಲ್ಲಿ ಕಸ ಕೂತದೆ, ತೊಳ್ದು ಹಾಕು” ಅಂದಿದ್ದ ಮೇಸ್ತ್ರಿ. ಜಟ್ಟಿ ಫಿಲ್ಟರ್ ಬಿಚ್ಚಿದ. ಹೊಳೆದಂಡೆಯ ಒಗೆಯುವ ಕಲ್ಲಿಗೆ ಹೋದ. ಬಾರ್ ಸೋಪು ತಿಕ್ಕಿದ, ನಾಲ್ಕು ಸಲ ಬಡಿದ, ಹಿಂಡಿದ, ಹಿಂಡಿದ್ದು ಸಾಲದು ಅಂತ ಇನ್ನೊಮ್ಮೆ ಹಿಂಡಿದ. ಸೊಟ್ಟಗಾದ ಫಿಲ್ಟರನ್ನು ನೀರು ಸೋರುವಾಗಲೇ ತಂದು ಇಂಜಿನ್ನಿಗೆ ಸಿಕ್ಕಿಸಿದ. ಇಂಜಿನ್ ಎರಡು ಸಲ ಕೆಮ್ಮಿತು. ಬುರುಗು ಕಾರಿತು. ಸುಮ್ಮನಾಯಿತು.

ಮಾದೇವಿ ಓಡಿ ಬಂದಳು. “ಹಡಬಿಟ್ಟಿ! ಅದೇನು ನಿನ್ನ ಚಡ್ಡಿಯೇನಾ? ಇಂಜಿನ್ ಸಾಮಾನಿಗೆ ಯಾರಾದ್ರೂ ನೀರು ತಾಗಸ್ತರೇನಾ? ಎಣ್ಣೆ ಹಚ್ಚೂದು! ಎಣ್ಣೆ!”

“ಆಯ್ತವ್ವೀ, ಮುಂದಿನ ಸಲ ಹಾಂಗೇ ಮಾಡ್ತೆ.”

ತಾಯಿ ಬೆನ್ನು ಹಾಕಿದಾಗ ತುಳಸಿ ಟಾಂಕಿ ಖಾಲಿ ಮಾಡಿ, ಹೊಸ ಡೀಸೆಲ್ ಹೊಯ್ದು, ಹೊಸ ಫಿಲ್ಟರ್ ಹಾಕಿದಳು. ಇಂಜಿನ್ ಡಬ್ ಡಬ್ ಅಂತ ಎದ್ದಿತು. ಎದ್ದದ್ದು ಗಳಿಗೆಯಲ್ಲೇ ಕಾದು ಕೆಂಡವಾಯಿತು. ನೀರಿನ ಪಂಪು ತಿರುಗಿಸುವ ಬೆಲ್ಟು ಜಾರುತ್ತಿತ್ತು.

ಜಟ್ಟಿ ಅಡುಗೆಮನೆಗೆ ನುಗ್ಗಿದ. ತೆಂಗಿನೆಣ್ಣೆಯ ಡಬ್ಬಿ ತಂದ. ಮದುವೆ ಹೆಣ್ಣಿಗೂ ಯಾರೂ ಹಾಗೆ ಎಣ್ಣೆ ಹಚ್ಚಿರಲಿಕ್ಕಿಲ್ಲ, ಹಾಗೆ ಹಚ್ಚಿದ ಬೆಲ್ಟಿಗೆ! ಹ್ಯಾಂಡಲ್ ಹೊಡೆದದ್ದೇ ತಡ, ಬೆಲ್ಟು ಸುಂಯ್ ಅಂತ ಹಾರಿ ಪಕ್ಕದ ಮನೆಯ ಮಾಡಿನ ಮೇಲೆ ಕೂತಿತು.

“ಮಂಡೆಯಲ್ಲಿ ಎಂತ ತುಂಬಕಂಡಿದ್ಯಾ? ಜಾರೂದಕ್ಕೆ ಎಣ್ಣೆ ಹಾಕ್ತರೇನಾ? ಬಿಗಿ ಮಾಡ್ಬೇಕು! ಜೀವ ಹೋಗು ಹಾಂಗೆ ಬಿಗಿ ಮಾಡ್ಬೇಕು!”

“ಆಯ್ತವ್ವೀ, ಮುಂದಿನ ಸಲ ಹಾಂಗೇ ಮಾಡ್ತೆ.”

ತುಳಸಿ ಬೆಲ್ಟು ಒರೆಸಿ, ಹದವಾಗಿ ಬಿಗಿದು ಹಾಕಿದಳು. ಮದುವೆಗೆ ಇನ್ನು ಐದು ದಿನ. ಈಗ ದೋಣಿಯ ತಳದಲ್ಲಿ, ಇಂಜಿನ್ನಿನಿಂದ, ನೀರೊಳಗೆ ತಿರುಗಿ ದೋಣಿ ದೂಡುವ ಹಿಂದಿನ ಫ್ಯಾನಿಗೆ ಹೋಗುವ ಉದ್ದನೆಯ ಶಾಫ್ಟು ಹೊರಗೆ ದಾಟುತ್ತದಲ್ಲ, ಅಲ್ಲಿ ನೀರು ತೊಟ್ಟಿಕ್ಕುವುದು ಜಟ್ಟಿಯ ಕಣ್ಣಿಗೆ ಬಿತ್ತು. ಯಾರನ್ನು ಕೇಳುವುದು? ಬುದ್ಧಿವಂತನಿಗೆ ಕೇಳುವ ಚಾಳಿ ಇರುವುದಿಲ್ಲ. ಅಲ್ಲಿನ ನಟ್ಟಿಗೆ ಪಾನಾ ಹಾಕಿದ, ಪಾನಾದ ತುದಿಗೆ ಉದ್ದನೆಯ ಪೈಪು ಸಿಕ್ಕಿಸಿದ, ಪೈಪಿನ ಮೇಲೆ ತಾನೇ ಹತ್ತಿ ನಿಂತು ಕುಣಿದ. ತೊಟ್ಟು ನಿಂತಿತು. ಶಾಫ್ಟೂ ನಿಂತಿತು. ಇಂಜಿನ್ ಚಾಲೂ ಮಾಡಿದರೆ ಹೊಗೆ ಎದ್ದಿತೇ ಹೊರತು ಫ್ಯಾನು ಕದಲಲಿಲ್ಲ.

“ಅಯ್ಯೋ ನನ್ನ ಕರ್ಮವೇ! ನಿನ್ನಪ್ಪ ಇಪ್ಪತ್ತು ವರ್ಷ ಅಲ್ಲಿ ಹನಿ ಬೀಳ್ಸಕಂಡೇ ದೋಣಿ ಹೊಡ್ದ! ಹನಿ ಬಿದ್ರೇ ಶಾಫ್ಟು ತಂಪು! ಸಡಿಲ ಬಿಡ್ಬೇಕು, ಮಾರಾಯ, ಸಡಿಲ!”

“ಆಯ್ತವ್ವೀ, ಮುಂದಿನ ಸಲ ಹಾಂಗೇ ಮಾಡ್ತೆ.”

ಆ ನಟ್ಟನ್ನು ತುಳಸಿ ಹದಕ್ಕೆ ಸಡಿಲಿಸಿದಳು. ಮುಂದಿನ ಸಲ ಬರಲು ತಡವಾಗಲಿಲ್ಲ. ಇಳಿತದಲ್ಲಿ ದೋಣಿ ಕೆಸರಿನ ಮೇಲೆ ಕೂತಾಗ ಫ್ಯಾನಿಗೆ ಹತ್ತಿದ ಚಿಪ್ಪು ಕೆರೆಯಲು ಅದನ್ನು ಬಿಚ್ಚಿದ. ಕೆರೆದ, ತಿರುಗಿ ಹಾಕಿದ, ನಟ್ಟನ್ನು ಸಡಿಲ ಬಿಟ್ಟ. ಮೂರೇ ಸುತ್ತು ಬಿಟ್ಟಿದ್ದ, ಪಾಪ, ಜಾಸ್ತಿ ಸಡಿಲ ಆದೀತು ಅಂತ. ಭರತದ ನೀರು ಏರಿ ಬಂತು, ದೋಣಿ ತೇಲಿತು, ಜಟ್ಟಿ ಇಂಜಿನ್ ಚಾಲೂ ಮಾಡಿದ. ಫ್ಯಾನು ದೋಣಿಯನ್ನು ಬಿಟ್ಟು ತಾನೊಂದೇ ಹೊರಟುಹೋಯಿತು.

ಮೂರು ಇಳಿತ ಕೆಸರು ಹುಡುಕಿದರು. ಮಾದೇವಿಯ ಸೊಂಟ ಬಿದ್ದುಹೋಯಿತು. ಕಡೆಗೆ ಫ್ಯಾನು ಸಿಕ್ಕಿದ್ದು ತುಳಸಿಯ ಕಾಲಿಗೆ. ನಟ್ಟು ಬಿಗಿದವಳೂ ಅವಳೇ. ಅಷ್ಟರಲ್ಲಿ ಅವಳ ಉಗುರಿಗೆ ಹತ್ತಿದ ಮಸಿ ಸೀಗೆಪುಡಿಗೂ ಬಗ್ಗದ ಹಾಗಾಗಿತ್ತು.

“ನೀರಿಗಿಳಿವ ಸಾಮಾನಿಗೆ ಹಗ್ಗ ಕಟ್ಬೇಕನಾ ಬೆಪ್ಪೇ! ಒಂದು ತುದಿ ಸಾಮಾನಿಗೆ, ಇನ್ನೊಂದು ತುದಿ ದಡದ ಮರಕ್ಕೆ! ಆಗ ಎಲ್ಲಿ ಹೋಗ್ತದೆ ನೋಡ್ತೆ!”

“ಆಯ್ತವ್ವೀ, ಮುಂದಿನ ಸಲ ಹಾಂಗೇ ಮಾಡ್ತೆ.”

ಮದುವೆಯ ದಿನ ಬಂತು. ದೋಣಿಗೆ ಮಾವಿನೆಲೆ, ಅಬ್ಬಲಿಗೆ ಮಾಲೆ. ತುಳಸಿ ಮಸಿ ಉಗುರು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಕರೆಯಲು ಬಂದ ಗಂಡಿನ ಅಪ್ಪ ಮುಂದೆ ಕೂತ. ಜಟ್ಟಿ ಹ್ಯಾಂಡಲ್ ಹೊಡೆದ. ಇಂಜಿನ್ ಒಂದೇ ಏಟಿಗೆ ಎದ್ದಿತು! ಮಾದೇವಿಗೆ ಕಣ್ಣೀರೇ ಬಂತು. ‘ಇವರಪ್ಪ ಇದ್ದಿದ್ದರೆ’ ಅಂದುಕೊಂಡಳು.

ದೋಣಿ ಹತ್ತು ಮಾರು ಹೋಯಿತು, ಇಪ್ಪತ್ತು ಮಾರು ಹೋಯಿತು. ಜಗ್ಗನೆ ನಿಂತಿತು. ಆಮೇಲೆ, ಇಂಜಿನ್ ಮುಂದಕ್ಕೇ ಓಡುತ್ತಿದೆ, ದೋಣಿ ಹಿಂದಕ್ಕೆ ಬರುತ್ತಿದೆ! ಇಷ್ಟಿಷ್ಟೇ, ಇಷ್ಟಿಷ್ಟೇ, ಬಂದು ಬಂದು ಮನೆಯೆದುರು ದೋಣಿ ಕಟ್ಟುವ ದಕ್ಕೆಗೇ ಗುದ್ದಿ ನಿಂತಿತು. ಜಟ್ಟಿ ಬೆಳಗಿನ ಇಳಿತದಲ್ಲಿ ಫ್ಯಾನಿಗೆ ನೈಲಾನ್ ಹಗ್ಗ ಕಟ್ಟಿ, ಇನ್ನೊಂದು ತುದಿ ತೆಂಗಿನಮರಕ್ಕೆ ಬಿಗಿದಿದ್ದ. ಆ ಹಗ್ಗ ಶಾಫ್ಟಿಗೆ ಸುತ್ತಿಕೊಂಡು, ಮದುವೆ ಹೆಣ್ಣನ್ನು ತವರಿಗೆ ಎಳೆದು ತಂದಿತ್ತು.

ಗಂಡಿನ ಅಪ್ಪ ಧಡಕ್ಕನೆ ಎದ್ದ. “ದಿಬ್ಬಣ ತಿರುಗಿ ಬಂತು! ಈ ಮದುವೆ ಬೇಡ!”



“ಎಲ್ಲಿ ತಿರುಗ್ತು, ಮಾವಾ?” ಅಂದ ಜಟ್ಟಿ. “ದೋಣಿ ಮುಖ ನಿಮ್ಮೂರ ಬದಿಗೇ ಅದೆ, ನೋಡಿ.”

ಎಲ್ಲರೂ ನೋಡಿದರು. ಹೌದು, ಮುಖ ಆಚೆ ದಡಕ್ಕೇ ಇತ್ತು. ಮುಖ ತಿರುಗಿಸಬಾರದು ಅಂತ ಪದ್ಧತಿ, ಹಿಂದಕ್ಕೆ ಬರಬಾರದು ಅಂತ ಯಾರೂ ಹೇಳಿರಲಿಲ್ಲ. ಗಂಡಿನ ಅಪ್ಪ ಮತ್ತೆ ಕೂತ. ಜಟ್ಟಿ ಹುಟ್ಟಿದ ಮೇಲೆ ಆಡಿದ ಒಂದೇ ಒಂದು ಬುದ್ಧಿಯ ಮಾತು ಇದು. ಅವನಿಗೇ ಗೊತ್ತಾಗಲಿಲ್ಲ, ಬಿಡಿ.

ಮಾದೇವಿ ಇಂಜಿನ್ ನಿಲ್ಲಿಸಿ ಮಗನ ಕೈಗೆ ಕತ್ತಿ ಕೊಟ್ಟಳು. “ಮುಳುಗು, ಕಡಿ! ಇನ್ನೂ ಎಲ್ಲೆಲ್ಲಿ ಎಂತೆಂತ ಕಟ್ಟಿಟ್ಟಿದ್ಯೋ! ಇವತ್ತು ಗಂಟು ಕಂಡಲ್ಲಿ ಕಡ್ದುಹಾಕು!”

“ಆಯ್ತವ್ವೀ, ಹಾಂಗೇ ಮಾಡ್ತೆ.”

ಮುಳುಗಿದ, ಕಡಿದ. ದೋಣಿ ಆಚೆ ದಡ ಮುಟ್ಟಿತು. ತುಳಸಿ ಅಪ್ಪನ ದೋಣಿಯಿಂದಲೇ ಇಳಿದಳು. ಎದ್ದ ಇಂಜಿನ್ನನ್ನು ಮತ್ತೆ ಮಲಗಿಸುವ ಧೈರ್ಯ ಯಾರಿಗೂ ಇರಲಿಲ್ಲ. ಭರತದ ನೀರು ದಡಕ್ಕೆ ಒತ್ತಿ ಹಿಡಿದಿತ್ತು, ಡಬ್ ಡಬ್ ಅನ್ನುತ್ತಿದ್ದ ದೋಣಿಯನ್ನು ಹಾಗೇ ದಕ್ಕೆಗೆ ಕಟ್ಟಿ ಚಪ್ಪರಕ್ಕೆ ನಡೆದರು. ಜಟ್ಟಿ ಹಿಂದಿನಿಂದ ನಿಧಾನಕ್ಕೆ ಬಂದ.

ತಾಳಿ ಕಟ್ಟಿದ್ದಾಯಿತು. ಗಂಡಿನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕಿದ್ದಾಯಿತು. ಜಟ್ಟಿ ಗಂಟು ಕಂಡ. ಕತ್ತಿ ತೆಗೆದ. ಕಚಕ್! ಶಲ್ಯದ ತುದಿ ಅತ್ತ, ಸೆರಗಿನ ತುದಿ ಇತ್ತ. ತುಳಸಿ ಎರಡೂ ಕೈಯಲ್ಲಿ ತಾಳಿ ಮುಚ್ಚಿಕೊಂಡಳು. “ತಮಾ! ಇದ್ರ ಹತ್ರ ಬಂದ್ರೆ ನಿನ್ನ ಕೈ ಮುರೀತೆ!”

ಮಾದೇವಿ ಕತ್ತಿ ಕಸಿದುಕೊಂಡು ಅವನನ್ನು ಚಪ್ಪರದಿಂದ ಆಚೆ ದೂಡಿದಳು. “ಇನ್ನು ಒಂದನ್ನೂ ಮುಟ್ಬೇಡ! ಎಂತದೇ ಆಗ್ಲಿ, ಕೈ ಕಟ್ಕಂಡು ಸುಮ್ನೆ ಕೂತು ನೋಡು!”

“ಆಯ್ತವ್ವೀ.”

ತುಳಸಿ ಕಡಿದ ಸೆರಗಿಗೂ ಶಲ್ಯಕ್ಕೂ ತಾನೇ ಗಂಟು ಹಾಕಿದಳು, ಬೋಲ್ಟು ಬಿಗಿದ ಕೈಯಲ್ಲವೇ, ಗಟ್ಟಿಯಾಗಿಯೇ ಹಾಕಿದಳು. ಊಟ ಮುಗಿಯಿತು. ಮಾದೇವಿ ದಕ್ಕೆಗೆ ಬಂದಳು. ಜಟ್ಟಿ ಕೈ ಕಟ್ಟಿಕೊಂಡು ಕೂತಿದ್ದ. ದಕ್ಕೆಯ ಗೂಟದಲ್ಲಿ ಕಡಿದ ಹಗ್ಗದ ತುಂಡು ಮಾತ್ರ ನೇತಾಡುತ್ತಿತ್ತು.

“ದೋಣಿ ಎಲ್ಲೋ?”

“ಅಕೋ ಅಲ್ಲಿ,” ಅಂದ ಜಟ್ಟಿ. ಇಳಿತದ ಸೆಳೆತದಲ್ಲಿ, ಅಬ್ಬಲಿಗೆ ಮಾಲೆ ಹಾಕಿಕೊಂಡು, ಡಬ್ ಡಬ್ ಅನ್ನುತ್ತ, ದೋಣಿ ಸಮುದ್ರದ ಬಾಯಿ ದಾಟುತ್ತಿತ್ತು.

“ಹಿಡೀಲಿಲ್ವೇನಾ, ಪಾಪಿ!”

“ಮುಟ್ಬೇಡ ಅಂದ್ಯಲೆ? ಕೂತು ನೋಡ್ತಾ ಇದ್ದೆ. ಅವ್ವೀ, ನೋಡು, ರಿಪೇರಿ ಎಷ್ಟು ಲಾಯ್ಕಾಯ್ತು! ಒಂದು ಸಲವೂ ಬಂದ್ ಬೀಳ್ಲಿಲ್ಲ!”