ಗಿಳಿಯ ‘ಆನ್ ದ ವೇ’

ಇಂಗ್ಲಿಷ್ ಕ್ಲಾಸಿನ ಕಿಟಕಿ ಪಕ್ಕದ ಹೊಂಗೆಮರದಲ್ಲಿ ಒಂದು ಗಿಳಿಯಿತ್ತು. ಮೇಷ್ಟ್ರು ಹೇಳಿಕೊಡುವ ‘ಇನ್ ಟೈಮ್’, ‘ಆಫ್ ಕೋರ್ಸ್’ ಎಲ್ಲ ಅದಕ್ಕೆ ಬಾಯಿಪಾಠ. ಮನೆಯಿಂದ ಫೋನ್ ಬಂದರೆ ಮೇಷ್ಟ್ರು, “ಆನ್ ದ ವೇ, ದಾರಿಯಲ್ಲೇ ಇದ್ದೀನಿ” ಎಂದು ಹೇಳಿ, ಕುರ್ಚಿಯಲ್ಲೇ ಇನ್ನೊಂದು ಲೋಟ ಕಾಫಿ ಹೀರುತ್ತಿದ್ದರು. ಗಿಳಿ ಅದನ್ನೂ ಕಲಿತಿತ್ತು.

ಒಂದು ಬೆಳಿಗ್ಗೆ ಕರೆಂಟಿನವರು ತಂತಿಗೆ ತಾಗುವ ಕೊಂಬೆ ಕಡಿಯಲು ಏಣಿ ತಂದರು. ಅಳಿಲಿನ ಗೂಡು ಆ ಕೊಂಬೆಯಲ್ಲೇ ಇತ್ತು.

“ಗಿಳಿಯಣ್ಣ, ಮರಿಗಳನ್ನು ಪೊಟರೆಗೆ ಸಾಗಿಸ್ತೀನಿ. ಕಾಗೆ ಬರದ ಹಾಗೆ ಕಾವಲಿರು, ಬೇಗ ಬಾ!” ಎಂದು ಅಳಿಲು ಕೂಗಿತು.

“ಆನ್ ದ ವೇ!” ಎಂದಿತು ಗಿಳಿ, ಕೂತಲ್ಲೇ ರೆಕ್ಕೆ ತೀಡಿಕೊಳ್ಳುತ್ತ.

ಪಕ್ಕದ ಕೊಂಬೆಯಲ್ಲಿದ್ದ ಮೈನಾ ಆ ಕೂಗು ಕೇಳಿ, ಹೂಂ ಅನ್ನಲೂ ನಿಲ್ಲದೆ ಹಾರಿಬಂತು. ಮರಿಗಳ ಮೇಲೆ ಎರಗಲು ಬಂದ ಕಾಗೆಯನ್ನು ಕುಕ್ಕಿ ಓಡಿಸಿತು. ಕೊನೆಯ ಮರಿ ಪೊಟರೆ ಸೇರಿದ ಮೇಲೆ ಕೊಂಬೆ ಧೊಪ್ಪನೆ ಬಿತ್ತು.

ಸಂಜೆ ಅಳಿಲು ಖುಷಿಯಿಂದ ಸೀಬೆಹಣ್ಣು ತಂದು ಹಂಚತೊಡಗಿತು. ಗಿಳಿ ಎಲ್ಲರಿಗಿಂತ ಮುಂದೆ ಬಂದು ಕೂತಿತು.

“ನನ್ನ ಪಾಲೆಲ್ಲಿ?”

ಕೊನೆಯ ಚೂರನ್ನು ಮೈನಾದ ಕೊಕ್ಕಿಗಿಟ್ಟು, ಬಾಲ ಕುಣಿಸುತ್ತ ಅಳಿಲು ಹೇಳಿತು: “ಆನ್ ದ ವೇ, ಗಿಳಿಯಣ್ಣ!”