ಗೇಣುದ್ದ ಮೇಲೇರಿದ ಬಿಳಿ ಗೆರೆ

ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕದ ಒಂದು ಕಾಡಿನಲ್ಲಿ, ಮಂಗಳವಾರ ಬೆಳಿಗ್ಗೆ, ಒಂದು ಬಿಳಿ ಗೆರೆ ತಾನಿದ್ದ ಜಾಗದಿಂದ ಗೇಣುದ್ದ ಮೇಲಕ್ಕೆ ಹೋಯಿತು. ಸುದ್ದಿ ಕೇಳಿದ ಕೂಡಲೇ ಆಮೆಗಳು ನೋಡಲು ಹೊರಟವು. ಗುರುವಾರ ತಲುಪಿದವು.

ಗೆರೆ ಇದ್ದದ್ದು ಕಾಡಿನವರಿಗೆಲ್ಲ ಸೇರಿದ ದೋಣಿಯ ಹೊರಮೈ ಮೇಲೆ. ಅದನ್ನು ಬರೆದವನು ದೋಣಿ ನಡೆಸುವ ನೀರುನಾಯಿ ದುಗ್ಗಣ್ಣ. ನೀರು ಗೆರೆ ಮುಟ್ಟಿತೆಂದರೆ ಭಾರ ಸಾಕು. ಅಷ್ಟೇ ನಿಯಮ.

ಆ ಮಂಗಳವಾರ ಆಚೆ ದಡದಲ್ಲಿ ನರಿ ತಿಮ್ಮಪ್ಪಯ್ಯನ ಮಗಳ ಮದುವೆ. ನಲವತ್ತು ಹಲಸಿನ ಹಣ್ಣು ತರುತ್ತೇನೆಂದು ಅವನು ಬೀಗರಿಗೆ ಮಾತು ಕೊಟ್ಟಿದ್ದ. ಬೀಗರು ಕೇಳಿರಲಿಲ್ಲ. ಇಪ್ಪತ್ತು ಹಣ್ಣು ತುಂಬಿ, ಮೊಲ ನಾಗಕ್ಕ ಮೂರು ಮರಿಗಳೊಂದಿಗೆ ಹತ್ತಿ ಕೂತಾಗ ನೀರು ಗೆರೆ ಮುಟ್ಟಿತು.

"ಸಾಕು ಅಯ್ಯಾ. ಉಳಿದದ್ದು ಎರಡನೇ ಸಲಕ್ಕೆ," ಎಂದ ದುಗ್ಗಣ್ಣ.

"ಎರಡು ಕಂತಿನಲ್ಲಿ ತಂದರೆ ನನ್ನ ಮರ್ಯಾದೆ ಏನಾಗಬೇಕು? ಬೀಗರು ದಡದಲ್ಲಿ ನಿಂತು ಎಣಿಸ್ತಾರೆ ಮಾರಾಯ!"

"ಎಣಿಸಲಿ. ನೀರಿನ ಇಳಿತ ಶುರುವಾಗಿದೆ, ಅಳಿವೆ ಬಾಯಲ್ಲಿ ಅಲೆ ಏಳ್ತದೆ. ಎರಡು ಮೀನು ತಿಂದು ಬರ್ತೇನೆ, ಹೊರಡುವ."

ಎರಡು ಮೀನಿನ ಹೊತ್ತು ತಿಮ್ಮಪ್ಪಯ್ಯನಿಗೆ ಧಾರಾಳ ಸಾಕಾಯಿತು. ಹಳೆ ಗೆರೆಯನ್ನು ಕೆರೆದು ತೆಗೆದ. ಚಿಪ್ಪಿನ ಸುಣ್ಣದಲ್ಲಿ ಬಾಲ ಅದ್ದಿ, ಅಂಚಿನ ಹತ್ತಿರ ಹೊಸದು ಎಳೆದ.

"ಇದೆಂತದು ಅಯ್ಯಾ?" ಎಂದಳು ನಾಗಕ್ಕ.

"ಮದುವೆ ದೋಣಿ ಅಲ್ವಾ, ಸಿಂಗಾರ."

ಗೆರೆ ಹಳೆಯದಕ್ಕಿಂತ ನೇರವಾಗಿಯೇ ಬಂದಿತ್ತು. ಉಳಿದ ಇಪ್ಪತ್ತು ಹಣ್ಣೂ ದೋಣಿ ಸೇರಿದವು. ದುಗ್ಗಣ್ಣ ಮೀನು ಮುಗಿಸಿ ಬಂದ.

"ನೋಡು ದುಗ್ಗಣ್ಣ, ಗೆರೆಗೆ ಇನ್ನೂ ಒಂದು ಹನಿ ನೀರು ತಾಗಿಲ್ಲ!"

ದುಗ್ಗಣ್ಣ ಗೆರೆ ನೋಡಲಿಲ್ಲ. ದೋಣಿಯ ಅಂಚಿಗೂ ನೀರಿಗೂ ನಡುವೆ ಬೆರಳಿಟ್ಟು ನೋಡಿದ. ನಾಲ್ಕೇ ಬೆರಳು. ಆಮೇಲೆ ನರಿಯ ಬಾಲ ನೋಡಿದ.

"ಸುಣ್ಣ ಇನ್ನೂ ತೊಟ್ಟಿಕ್ತಾ ಇದೆ ಅಯ್ಯಾ. ನಾಗಕ್ಕ, ಮರಿಗಳನ್ನು ಕರ್ಕೊಂಡು ಇಳೀರಿ."

"ಇಳೀಲಿ! ಹುಟ್ಟು ಹಾಕೋದು ಯಾವ ಮಹಾವಿದ್ಯೆ?" ಎಂದು ತಿಮ್ಮಪ್ಪಯ್ಯ ಹಗ್ಗ ಬಿಚ್ಚಿ ಒಬ್ಬನೇ ಹೊರಟುಬಿಟ್ಟ.

ಅರ್ಧ ದಾರಿ ಸುಸೂತ್ರವಾಗಿತ್ತು. ಬೀಗರು ಕಂಡರು. ಅವನು ಎದೆಯುಬ್ಬಿಸಿ ಕೂತ. ಬಗ್ಗಿ ಗೆರೆ ನೋಡಿದ, ನೀರು ತಾಗಿರಲಿಲ್ಲ. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಒಂದು ಅಲೆ ಬಂತು. ದೊಡ್ಡದೇನಲ್ಲ, ಆರು ಬೆರಳಿನದು. ಒಳಗೆ ಬಂದದ್ದು ಹೊರಗೆ ಹೋಗಲಿಲ್ಲ. ಎರಡನೆಯದಕ್ಕೂ ಜಾಗ ಸಿಕ್ಕಿತು. ಮೂರನೆಯದು ಬರುವಾಗ ಅಲ್ಲಿ ದೋಣಿ ಇರಲಿಲ್ಲ.

"ದುಗ್ಗಣ್ಣಾ!" ಎಂಬ ಕೂಗು ಎರಡೂ ದಡಕ್ಕೆ ಕೇಳಿಸಿತು.

ದುಗ್ಗಣ್ಣ ಈಜಿ ಹೋಗಿ ನರಿಯನ್ನು ಆಚೆ ದಡಕ್ಕೆ ಎಳೆದು ಹಾಕಿದ. ಹಿಡಿಯಲು ಸಿಕ್ಕಿದ್ದು ಬಾಲ. ಹಲಸೆಲ್ಲ ತೇಲಿಕೊಂಡು ಸಮುದ್ರದ ಕಡೆ ಹೊರಟಿತ್ತು. ಎಣಿಸಲು ನಿಂತಿದ್ದ ಬೀಗರು ಎಣಿಸಿದರು: ಒಂದು ನರಿ.

ಮದುವೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ಊಟಕ್ಕೆ ಗೆಣಸು ಬಡಿಸಿದರು. ದೋಣಿಯನ್ನು ಮೇಲೆತ್ತಲು ಎರಡು ದಿನ ಹಿಡಿಯಿತು. ಗುರುವಾರ ಗೆರೆಯನ್ನು ಮೊದಲಿನ ಜಾಗದಲ್ಲೇ ಬರೆಯಲಾಯಿತು.

ನೀತಿ: ಭಾರದ ಗುರುತನ್ನು ಮೇಲೆ ಬರೆದ ಮಾತ್ರಕ್ಕೆ ದೋಣಿ ಹೆಚ್ಚು ಭಾರ ಹೊರುವುದಿಲ್ಲ.