ಫಾರ್ಮ್ಯಾಟ್ ಆದ ಲ್ಯಾಪ್‌ಟಾಪ್ ಮತ್ತು ಇಮಾಮಸಾಬನ ಮಾತು

ಗದಗ ಸೀಮೆಯ ಒಂದು ಊರಿನಲ್ಲಿ ಚನ್ನವೀರಪ್ಪ ಎಂಬ ನಾಟಕದ ಮಾಸ್ತರರಿದ್ದರು. ನಾಟಕ ಬರೆಯುವವರೂ ಅವರೇ, ಕಲಿಸುವವರೂ ಅವರೇ, ಉಗಾದಿಯ ದಿನ ರಂಗದ ಮುಂದೆ ಕುಳಿತು ಪೇಟಿ ಬಾರಿಸುವವರೂ ಅವರೇ. ಪೇಟಿ ಎಂದರೆ ಹಾರ್ಮೋನಿಯಂ. ಮಕ್ಕಳೇ, ಆ ಕಾಲವನ್ನು ನೀವು ನೋಡಬೇಕಿತ್ತು. ಸುಗ್ಗಿ ಮುಗಿದರೆ ಸಾಕು, ಶಾಲೆಯ ಪಡಸಾಲೆಯಲ್ಲಿ ತಾಲೀಮು ಶುರು. ಹಗಲೆಲ್ಲ ಹಿಟ್ಟಿನ ಗಿರಣಿ ನಡೆಸುವ ದ್ಯಾಮಣ್ಣ ಸಂಜೆಯಾದರೆ ಖಳನಾಯಕ. ಮಾತು ಮರೆತವನಿಗೆ ಮಾಸ್ತರರ ಬೈಗುಳ, ಆಮೇಲೆ ಎಲ್ಲರಿಗೂ ತಿನ್ನಲು ಚುರುಮುರಿಯ ಗಿರಮಿಟ್ಟು, ಮಿರ್ಚಿ ಭಜಿ. ಈಗ ನೆನೆದರೂ ಜೀವ ಹಿಂಡಿದ ಹಾಗಾಗುತ್ತದೆ.

ಗಾದಿಗೆ ಹತ್ತಿ ತುಂಬುವ ಇಮಾಮಸಾಬ ಮಾಸ್ತರರ ಜೀವದ ಗೆಳೆಯ. ನಾಟಕದಲ್ಲಿ ಹಾಸ್ಯದ ಪಾತ್ರ ಅವನದೇ. ಹಾಸ್ಯದ ಮಾತನ್ನು ಹಾಸ್ಯದವನೇ ಕಟ್ಟಿಕೊಳ್ಳಬೇಕು ಎಂಬುದು ಆ ಊರಿನ ರೂಢಿ. ಅದಕ್ಕೆ ಮಾಸ್ತರರು ನಾಟಕದ ನಡುನಡುವೆ ಜಾಗ ಬಿಟ್ಟು ಬರೆಯುತ್ತಿದ್ದರು. ಇಮಾಮಸಾಬನೋ, ತನ್ನ ಮಾತನ್ನು ತಾಲೀಮಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

"ಮೊದಲ ಹೇಳಿದ್ರ ನಗು ಹಳಸ್ತೈತಿ" ಎನ್ನುತ್ತಿದ್ದ.

ಮಾಸ್ತರರ ಮಗಳು ನೀಲಾಂಬಿಕಾ ಲ್ಯಾಪ್‌ಟಾಪ್ ಕೊಂಡ ಹೊಸತರಲ್ಲಿ ಅಪ್ಪನ ಹೊಸ ನಾಟಕವನ್ನು ಟೈಪ್ ಮಾಡಿಕೊಟ್ಟಳು. ಹಾಸ್ಯದ ಭಾಗ ಬಂದಾಗ ಇಮಾಮಸಾಬ ಹೊಸ್ತಿಲ ಮೇಲೆ ಕುಳಿತು ಹೇಳಿದ, ಅವಳು ಬರೆದಳು.

"ಮಾಸ್ತರ, ನೀ ಹೊರಗ ನಡಿ. ಉಗಾದಿ ದಿನ ಕೇಳುವಂತಿ" ಎಂದು ಅವನು ಮನೆಯ ಯಜಮಾನನನ್ನೇ ಮನೆಯಿಂದ ಹೊರಗೆ ಅಟ್ಟಿದ್ದ.

ತಾಲೀಮು ಮುಗಿದು ನಟರಿಗೆಲ್ಲ ಮಾತು ಬಾಯಿಪಾಠವಾಯಿತು, ಉಗಾದಿ ಹತ್ತಿರ ಬಂತು. ಅದಕ್ಕೆ ಮೊದಲೇ ಇಮಾಮಸಾಬ ಎದೆನೋವಿನಿಂದ ತೀರಿಕೊಂಡ. ನಾಟಕ ನಿಂತಿತು. ನಿಂತದ್ದು ನಿಂತೇ ಹೋಯಿತು. ಗೆಳೆಯನ ಮಾತನ್ನು ಓದಿಕೊಡಲೇ ಎಂದು ಮಗಳು ಕೇಳಿದಾಗೆಲ್ಲ ಮಾಸ್ತರರದು ಒಂದೇ ಉತ್ತರ: "ನಾಟಕ ಆಡಿದ ದಿನಾನ ಕೇಳ್ತೀನವ್ವಾ. ಅವ ಹಂಗ ಅಂದು ಹೋಗ್ಯಾನ."

ವರ್ಷಗಳು ಉರುಳಿದವು. ಒಂದು ಸಲ ಊರಿನ ಯುವಕರೇ ಬಂದು, ಈ ಉಗಾದಿಗೆ ಆ ನಾಟಕ ಆಡೋಣ ಎಂದರು. ಇಮಾಮಸಾಬನ ಅಣ್ಣನ ಮಗ, ಟೆಂಪೋ ಓಡಿಸುವ ಮೌಲಾಸಾಬ, ಹಾಸ್ಯದ ಪಾತ್ರ ನನಗಿರಲಿ ಎಂದ. ಮಾಸ್ತರರು ಅಂದೇ ಪೇಟಿಯ ಧೂಳು ಒರೆಸಿದರು.

ಇತ್ತ ನೀಲಾಳ ಲ್ಯಾಪ್‌ಟಾಪ್ ಮುಪ್ಪಾಗಿತ್ತು. ಅವಳು ಊರಲ್ಲೇ ಝೆರಾಕ್ಸ್ ಅಂಗಡಿ ಇಟ್ಟಿದ್ದಳು. ಅರ್ಜಿ ತುಂಬಿಸಲು ಬಂದವರು ಚಹಾ ಕುಡಿದು ಬಂದರೂ ಆ ಯಂತ್ರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಓಎಸ್ ಬದಲಿಸದೆ ಗತಿಯಿಲ್ಲ ಎಂದು ಅವಳು ನಿರ್ಧರಿಸಿದಳು. ಓಎಸ್ ಎಂದರೆ ಲ್ಯಾಪ್‌ಟಾಪಿನ ಮನೆ ನಡೆಸುವ ಹಿರಿಯ, ಅವನ ಮಾತಿಲ್ಲದೆ ಅಲ್ಲಿ ಕಡ್ಡಿಯೂ ಅಲ್ಲಾಡದು. ಮಗಳಿಗೆ ಗಂಡು ನೋಡುವ ಹಾಗೆ ನೀಲಾ ಒಂದೊಂದೇ ಓಎಸ್ ನೋಡಿದಳು. ಇದು ಅಂದವಾಗಿದೆ, ಆದರೆ ಹಳೆಯ ಯಂತ್ರಕ್ಕೆ ಭಾರ. ಅದು ಗಟ್ಟಿ, ಆದರೆ ಅಂಗಡಿಯ ಪ್ರಿಂಟರ್ ಜೊತೆ ಹೊಂದುವುದಿಲ್ಲ. ಕೊನೆಗೆ ಹಗುರವಾದ ಒಂದು ಲಿನಕ್ಸ್ ಆರಿಸಿ ಪೆನ್ ಡ್ರೈವಿಗೆ ಇಳಿಸಿಕೊಂಡಳು. ಆಯ್ಕೆಯಲ್ಲಿ ತಪ್ಪಿರಲಿಲ್ಲ, ನಾನೂ ಒಪ್ಪುತ್ತೇನೆ.

ನಾಟಕ, ಫೋಟೋ ಎಲ್ಲವನ್ನೂ ಇನ್ನೊಂದು ಪೆನ್ ಡ್ರೈವಿಗೆ ತುಂಬಿದಳು. ಹೊಸ ಓಎಸ್ ಹಾಕುವಾಗ ಪರದೆಯ ಮೇಲೆ ಪ್ರಶ್ನೆ ಬಂತು: ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಳ್ಳುವಿರಾ, ಎಲ್ಲ ಅಳಿಸಬೇಕೋ?

ಮಾಸ್ತರರು ಇಣುಕಿದರು. "ಹಳೇದೂ ಸ್ವಲ್ಪ ದಿನ ಇರಲಿ ಬಿಡವ್ವಾ."

"ಬ್ಯಾಡಪ್ಪಾ. ಬೇಕಾದ್ದೆಲ್ಲಾ ತಗೊಂಡೀನಿ. ಸ್ವಚ್ಛ ಆಗ್ಲಿ" ಎಂದು ನೀಲಾ ಅಳಿಸುವ ಗುಂಡಿ ಒತ್ತಿದಳು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರ್ತಿಗೂ ಅಷ್ಟೇ. ಲ್ಯಾಪ್‌ಟಾಪ್ ಈಗ ಚುರುಕಾಗಿ ಎದ್ದು ಕುಳಿತಿತು. ನೀಲಾ ಹೆಮ್ಮೆಯಿಂದ ನಾಟಕದ ಫೈಲು ತೆರೆದಳು. ಕನ್ನಡವೇ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ, ಕೊಂಬು.

ಅವಳು ಫೈಲು ಮುಚ್ಚಿ ಮತ್ತೆ ತೆರೆದಳು, ಅದೇ ಅಕ್ಷರಗಳು. ಹಿಂದೆಲ್ಲ ಕನ್ನಡ ಟೈಪ್ ಮಾಡಿದವರಿಗೆ ಈ ಸಂಕಟ ಗೊತ್ತು. ಆಗಿನ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕುತ್ತಿದ್ದವು. ಫಾಂಟ್ ಹೋದರೆ ವೇಷ ಕಳಚಿತು. ಫೈಲಿನ ಜೊತೆ ಫಾಂಟ್ ಬರುವುದಿಲ್ಲ, ಅದು ಹಳೆಯ ಓಎಸ್‌ನೊಳಗೇ ಕುಳಿತಿರುತ್ತದೆ. ಹಳೆಯದನ್ನು ಅವಳೇ ಅಳಿಸಿದ್ದಳು. ಆ ಫಾಂಟನ್ನು ಪಕ್ಕದ ಊರಿನ ಮುದ್ರಣಾಲಯದವರು ತಮಗಾಗಿ ಮಾಡಿಸಿಕೊಂಡು, ನೀಲಾಳಿಗೂ ಕೊಟ್ಟಿದ್ದರು. ಮುದ್ರಣಾಲಯ ಮುಚ್ಚಿ ಎಷ್ಟೋ ಕಾಲವಾಗಿತ್ತು. ನೀಲಾ ಇಂಟರ್ನೆಟ್ಟೆಲ್ಲ ಜಾಲಾಡಿದರೂ ಅದು ಸಿಗಲಿಲ್ಲ.

ನಾಟಕ ಮಾಸ್ತರರ ತಲೆಯಲ್ಲಿತ್ತು. ಆದರೆ ಇಮಾಮಸಾಬನ ಮಾತು? ಅದು ಯಾರ ತಲೆಯಲ್ಲೂ ಇರಲಿಲ್ಲ, ಕಾಗದದ ಮೇಲೂ ಇರಲಿಲ್ಲ. ಬರೆದುಕೊಂಡ ನೀಲಾಳಿಗೆ ತಾನು ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ನೆನಪಿತ್ತು, ಯಾವ ಮಾತಿಗೆ ನಕ್ಕೆ ಎಂಬುದು ನೆನಪಿರಲಿಲ್ಲ.

ಮಾಸ್ತರರು ಬೈಯಲಿಲ್ಲ. ಪೇಟಿಯ ಮುಚ್ಚಳ ಹಾಕಿ, "ಹೋಗ್ಲಿ ಬಿಡವ್ವಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನೀಲಾ ಅಂಗಡಿಗೆ ಹೋಗಿ ಒಬ್ಬಳೇ ಅತ್ತಳು.

ಸುದ್ದಿ ಕೇಳಿ ಗಿರಣಿಯ ದ್ಯಾಮಣ್ಣ ಮೈತುಂಬ ಹಿಟ್ಟಿನೊಂದಿಗೆ ಓಡಿಬಂದ.

"ನೋಡು ಕಾಕಾ, ನಿನ್ನ ಮಾತು ಎಲ್ಲಿ ಐತಿ ಅನ್ನೂದೂ ತಿಳೀವಲ್ದು" ಎಂದು ನೀಲಾ ಪರದೆ ತೋರಿಸಿದಳು.

"ನನ್ನ ಮಾತು ಅಲ್ಲಿ ಯಾಕ ಹುಡುಕ್ತಿ? ಇಲ್ಲೈತಿ!" ಎಂದು ದ್ಯಾಮಣ್ಣ ಎದೆ ತಟ್ಟಿದ. ಮೀಸೆ ತಿರುವಿ, ಝೆರಾಕ್ಸ್ ಯಂತ್ರದ ಮುಂದೆಯೇ ಗುಡುಗಿದ: "ನಾನು! ನಾನು! ನಾನು ಹೇಳಿದ್ದೇ ಈ ಊರಿನ ಕಾನೂನು!"

ನೀಲಾ ಕಣ್ಣೊರೆಸಿಕೊಂಡು ಪರದೆ ನೋಡಿದಳು. ಒಂದು ಸಾಲಿನ ಮೊದಲಿಗೆ ಒಂದೇ ಬಗೆಯ ಗುರುತುಗಳು ಮತ್ತೆ ಮತ್ತೆ ಬಂದಿದ್ದವು. ಅದೇ 'ನಾನು'! ಹಾಗಾದರೆ ಈ ಗುರುತು 'ನಾ', ಇದು 'ನು'. ಅದೇ 'ನು' ಸಾಲಿನ ಕೊನೆಯ 'ಕಾನೂನು' ಪದದಲ್ಲೂ ಸಿಕ್ಕಿತು.

"ಕಾಕಾ, ನಿಂದು ಪೂರ್ತಿ ಹೇಳು. ತಡದು ತಡದು ಹೇಳು! ಎಲ್ಲಾರನೂ ಕರಕೊಂಡು ಬಾ!"

ಹಳೆಯ ನಟರೆಲ್ಲ ಮಾಸ್ತರರ ಮನೆಗೆ ಬಂದರು. ಕೆಲವರಿಗೆ ಹಲ್ಲಿರಲಿಲ್ಲ, ಕೆಲವರಿಗೆ ಕಿವಿಯಿರಲಿಲ್ಲ, ಮಾತು ಮಾತ್ರ ಒಂದೂ ಮರೆತಿರಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಪಾತ್ರ ಹೇಳಿದರು. ನೀಲಾ ಗುರುತಿಗೆ ಗುರುತು ಹೊಂದಿಸುತ್ತ ಹೋದಳು. ಈ ಗುರುತು 'ಮ', ಈ ಕೊಕ್ಕೆ ಒತ್ತಕ್ಷರ, ಈ ಕೊಂಬು ದೀರ್ಘ. ನಡುನಡುವೆ ಮಾಸ್ತರರು ಅಭ್ಯಾಸಬಲದಿಂದ "ಏ, ದನಿ ಏರಸೋ!" ಎಂದು ಗದರಿದರು. ಯಾರೋ ಗಿರಮಿಟ್ಟು ತರಿಸಿದರು. ಮನೆಯ ಪಡಸಾಲೆಗೆ ಹಳೆಯ ಸಂಜೆಗಳೇ ಬಂದು ಕುಳಿತಿದ್ದವು.

ಹೀಗೆ ದಿನಗಳು ಕಳೆದು ಅಕ್ಷರಗಳೆಲ್ಲ ಕೈಗೆ ಸಿಕ್ಕಮೇಲೆ ಇಮಾಮಸಾಬನ ಭಾಗ ಉಳಿಯಿತು. ಈಗ ಅದನ್ನು ನೀಲಾ ತಾನೇ ಓದಬಲ್ಲವಳಾಗಿದ್ದಳು. "ಅಪ್ಪಾ, ಓದ್ಲೇನು?" ಎಂದಳು.

ಮಾಸ್ತರರು ಎದ್ದು ಚಪ್ಪಲಿ ಮೆಟ್ಟಿದರು. "ನಾ ಹೊರಗ ಹೊಂಟೆ. ಉಗಾದಿ ದಿನ ಕೇಳ್ತೀನಿ" ಎಂದು ಹೋಗಿ ಕಟ್ಟೆಯ ಮೇಲೆ ಕುಳಿತರು. ಒಳಗಿನಿಂದ ಮಗಳು ನಗುವುದು ಕೇಳಿಸಿತು. ಆಮೇಲೆ ನಗು ನಿಂತಿತು. ಮಾಸ್ತರರು ಒಳಗೆ ಬರಲಿಲ್ಲ.

ಉಗಾದಿಯ ದಿನ ನಾಟಕ ರಂಗೇರಿತು. ಖಳನಾಯಕನ ಕೈಯಲ್ಲಿ ಬಡ ಒಕ್ಕಲಿಗ ಸಾಯುವ ದೃಶ್ಯ. ಪೇಟಿ ಶೋಕರಾಗ ನುಡಿಯಿತು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಹಾಸ್ಯದ ವೇಷದ ಮೌಲಾಸಾಬ ರಂಗಕ್ಕೆ ನುಗ್ಗಿದ. ಹೆಣವನ್ನೊಮ್ಮೆ ನೋಡಿದ, ನೇರ ಪೇಟಿಯ ಕಡೆ ತಿರುಗಿದ. ಅವನ ಬಾಯಲ್ಲಿ ಬಂದದ್ದು ಇಮಾಮಸಾಬ ಹೊಸ್ತಿಲ ಮೇಲೆ ಕುಳಿತು ಬರೆಸಿದ ಮಾತು:

"ಯಾಕೋ ಮಾಸ್ತರ, ಇಷ್ಟ್ಯಾಕ ಅಳಸ್ತೀ ಆ ಪೇಟೀನ? ಸತ್ತಾಂವ ನಾಟಕದಾಗ ಸತ್ತಾನ. ಒಂದ ಕಪ್ ಚಹಾ ತರಸು, ಎದ್ದ ಕುಂದರ್ತಾನ!"

ಜನ ಹೋ ಎಂದು ನಕ್ಕರು. ಮಾಸ್ತರರೂ ನಕ್ಕರು. ಪೇಟಿಯ ಮೇಲೆ ಬೆರಳುಗಳು ನಿಂತುಬಿಟ್ಟವು. ನಗುನಗುತ್ತಲೇ ಅವರಿಗೆ ಬಿಕ್ಕಿ ಅಳು ಬಂತು. ಅಳುತ್ತಲೇ ಅವರು ರಂಗದ ಕಡೆ ನೋಡಿ, "ಚಹಾ ತರ್ರೋ ಯಾರರ" ಎಂದು ಕೂಗಿದರು.

ನೀತಿ: ಹೊಸದನ್ನು ತರುವುದು ತಪ್ಪಲ್ಲ. ಆದರೆ ಹಳೆಯದನ್ನು ಅಳಿಸುವ ಮುನ್ನ, ಉಳಿಸಿಕೊಂಡದ್ದು ಓದಲು ಬರುತ್ತದೆಯೇ ಎಂದು ಒಮ್ಮೆ ತೆರೆದು ನೋಡಿ. ಎಷ್ಟೇ ಜೋಪಾನವಾಗಿ ಕಟ್ಟಿಟ್ಟ ಮಾತಾದರೂ ಓದಬಲ್ಲವರು, ಹೇಳಬಲ್ಲವರು ಇರುವ ತನಕವೇ ಬದುಕಿರುತ್ತದೆ.